ಮೂರನೇ ಅಡ್ಡರಸ್ತೆಯ ಚೇಂಬರ್: ಇನ್ನೆಷ್ಟು ಸಲ ಬರೆಯಬೇಕು?

ಮನೆ 31 | ಮಂಗಳವಾರ ರಾತ್ರಿ 2.50
ನೀವೆಲ್ಲ ಸುಖವಾಗಿ ಮಲಗಿದ್ದೀರಿ, ಮಲಗಿರಿ. ಹನ್ನೆರಡೂವರೆಗೆ ನಮ್ಮ ಬಚ್ಚಲಿನಿಂದ ಗುಳುಗುಳು ಸದ್ದು ಬಂದಿತು. ದೀಪ ಹಾಕುವಷ್ಟರಲ್ಲಿ ಬಡಾವಣೆಯ ಹೊಲಸೆಲ್ಲ ನಡುಮನೆಗೆ ಬಂದಾಗಿತ್ತು. ಎಂಬತ್ತು ದಾಟಿದ ಅತ್ತೆಯವರನ್ನು ಊಟದ ಮೇಜಿನ ಮೇಲೆ ಕೂರಿಸಿದ್ದೇವೆ. ಅಕ್ಕಿ ಮೂಟೆ ಹೋಯಿತು. ದೇವರ ಮನೆಯ ಹೊಸ್ತಿಲನ್ನೂ ದಾಟಿತು. ಈ ಮಳೆಗಾಲದಲ್ಲಿ ಇದು ಮೂರನೇ ಸಲ. ಜೂನ್‌ನಲ್ಲಿ ಇದೇ ಗುಂಪಿನಲ್ಲಿ ಎರಡು ಬಾರಿ ಬರೆದೆ. ಮೊದಲ ಬಾರಿ ಉತ್ತರವಾಗಿ ಗುಲಾಬಿ ಹೂವಿನ ಶುಭೋದಯ ಬಂದಿತು, ಎರಡನೇ ಬಾರಿ ಅದೂ ಬರಲಿಲ್ಲ. ಕಚೇರಿಗೆ ಕೊಟ್ಟ ದೂರನ್ನು "ಪರಿಹರಿಸಲಾಗಿದೆ" ಎಂದು ಮುಚ್ಚಿದ್ದಾರೆ. ಸಂಘಕ್ಕೆ ವರ್ಷಕ್ಕೆ ಆರುನೂರು ರೂಪಾಯಿ ಕೊಡುವುದು ಯಾವ ಪುರುಷಾರ್ಥಕ್ಕೆ?

ಮನೆ 9 | ಬುಧವಾರ ಬೆಳಿಗ್ಗೆ 6.05
ಅಪರಾತ್ರಿಯಲ್ಲಿ ಇಂಥ ಭಾಷೆ ಶೋಭಿಸುವುದಿಲ್ಲ. ಈ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವನು ನಾನು. ಆಗ ನಮ್ಮ ಜಗಲಿಯಲ್ಲಿ ನಿಂತರೆ ಮುಳ್ಳಯ್ಯನಗಿರಿ ಕಾಣುತ್ತಿತ್ತು. ಈಗ 14ರವರ ನೀರಿನ ಟ್ಯಾಂಕ್ ಕಾಣುತ್ತದೆ. ಹುಣಸೆ ಮರದ ಮೂಲೆಯ ಮೋರಿಗೆ ಚಪ್ಪಡಿ ಹಾಸಿದವರು ಯಾರೆಂದು ಎಲ್ಲರಿಗೂ ಗೊತ್ತು. ನಾನು ಹೆಸರು ಹೇಳುವುದಿಲ್ಲ.

ಮನೆ 14 | 6.20
ಹೆಸರು ಹೇಳದೆ ಮನೆಯ ಸಂಖ್ಯೆ ಹೇಳಿದ್ದಕ್ಕೆ ಧನ್ಯವಾದ. ಚಪ್ಪಡಿ ಹಾಸಿದ್ದು 2019ರ ಆಗಸ್ಟ್ ಮಳೆಯ ನಂತರ. ಆಗ ಕಾರ್ಯದರ್ಶಿ ಯಾರಾಗಿದ್ದರು? ಒಪ್ಪಿಗೆ ಕೊಟ್ಟು, ಕಾಫಿ ಕುಡಿದು ಹೋದವರು ಯಾರು?

ಮನೆ 9 | 6.22
ಕಾಫಿ ಕುಡಿಯುವುದು ಒಪ್ಪಿಗೆಯಲ್ಲ. ಈ ಜಿಲ್ಲೆಯಲ್ಲಂತೂ ಅಲ್ಲ.

ಮನೆ 22 | 6.30
(ಫಾರ್ವರ್ಡ್) ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜೀರಿಗೆ ನೀರು ಕುಡಿಯಿರಿ, ಮಂಡಿ ನೋವನ್ನು ಮರೆಯಿರಿ. ಹತ್ತು ಜನರಿಗೆ ಕಳುಹಿಸಿ.

ಮನೆ 31 | 6.31
ನೀರು ನಮ್ಮಲ್ಲಿ ಬೇಕಾದಷ್ಟಿದೆ. ಕೊಡಪಾನ ತನ್ನಿ.

ಮನೆ 29 | 6.40
ಪುಷ್ಯ ಮಳೆ ಅಲ್ಲವೇ, ಹೊಡೆದೇ ಹೊಡೆಯುತ್ತದೆ. ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ. ಪಕ್ಕದಲ್ಲೇ ಇರುವ ನಮಗೆ ಏನೂ ಆಗಿಲ್ಲ.

ಮನೆ 18, ಕೆಳಮನೆ | 7.15
ನಮ್ಮ ಮಲಗುವ ಕೋಣೆಯ ಗೋಡೆ ಮಂಡಿಯ ಎತ್ತರದವರೆಗೆ ಬೂಷ್ಟು ಹಿಡಿದಿದೆ. ಮಗುವಿಗೆ ಕೆಮ್ಮು ಬಿಡುತ್ತಿಲ್ಲ. ಇದನ್ನೂ ಸೇರಿಸಿಕೊಳ್ಳಿ.

ಮನೆ 9 | 7.18
ಬಾಡಿಗೆದಾರರು ಮನೆ ಮಾಲೀಕರ ಮೂಲಕ ಬರಬೇಕು. ಸಂಘದ ಬೈಲಾದಲ್ಲಿ ಸ್ಪಷ್ಟವಾಗಿದೆ.

ಮನೆ 18, ಕೆಳಮನೆ | 7.20
ಮಾಲೀಕರು ದುಬೈನಲ್ಲಿದ್ದಾರೆ. ಗೋಡೆಯ ತೇವ ಬೈಲಾ ಓದಿಕೊಂಡು ಬರುವುದಿಲ್ಲ, ಸ್ವಾಮಿ.

ಮನೆ 5 | 9.10
ಬೆಳಿಗ್ಗೆಯೇ ಹೋಗಿ ಚೇಂಬರಿನ ಮುಚ್ಚಳ ತೆಗೆಸಿ ನೋಡಿ ಬಂದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಮೋರಿಯ ಚಪ್ಪಡಿಗೂ ರಾತ್ರಿಯ ಘಟನೆಗೂ ಸಂಬಂಧವಿಲ್ಲ. ಮೋರಿ ಮಳೆ ನೀರಿಗೆ, ಒಳಚರಂಡಿ ಬಚ್ಚಲು ಮತ್ತು ಶೌಚದ ನೀರಿಗೆ. ಎರಡೂ ಬೇರೆ ಬೇರೆ. ಒಳಚರಂಡಿಯ ಕೊಳವೆಯ ಅಳತೆಯನ್ನು ಲೆಕ್ಕ ಹಾಕುವುದು ಮನೆಗಳಿಂದ ಬರುವ ಕೊಳಚೆ ನೀರಿಗೆ ಮಾತ್ರ. ನಮ್ಮಲ್ಲಿ ಆಗಿರುವುದೇನೆಂದರೆ, ತಾರಸಿಯ ಮಳೆ ನೀರಿನ ಪೈಪನ್ನು ಮನೆ ಮನೆಯವರೂ ಸುಲಭವೆಂದು ಒಳಚರಂಡಿಗೆ ತಿರುಗಿಸಿದ್ದಾರೆ. ಸಾವಿರ ಚದರಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಎರಡು ಸಾವಿರದ ಮುನ್ನೂರು ಲೀಟರಿಗೂ ಹೆಚ್ಚು ನೀರು. ಇಪ್ಪತ್ತು ಮನೆಗಳ ಲೆಕ್ಕ ನೀವೇ ಹಾಕಿ. ಕೊಳವೆ ತುಂಬಿದ ಮೇಲೆ ನೀರು ಹಿಮ್ಮೆಟ್ಟುತ್ತದೆ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಚ್ಚಲಿನಲ್ಲಿ ಎದ್ದು ಬರುತ್ತದೆ. ಆ ಬಚ್ಚಲು 31ರದು. ಅವರ ತಪ್ಪು ಏನೂ ಇಲ್ಲ. ನಮ್ಮ ತಾರಸಿಯ ನೀರು ಅವರ ನಡುಮನೆಯಲ್ಲಿದೆ.

ಮನೆ 27 | 11.45
ಎರಡೂವರೆ ಗಂಟೆಯಿಂದ ಯಾರೂ ಮಾತನಾಡಿಲ್ಲ. ಈ ಗುಂಪಿನಲ್ಲಿ ಇದೊಂದು ದಾಖಲೆ.

ಮನೆ 36 | 11.52
ನಮ್ಮ ಪೈಪು ಒಳಚರಂಡಿಗೇ ಇದೆ. ಮೇಸ್ತ್ರಿ ಕೂಡಿಸಿ ಹೋದ, ನಾವು ಕೇಳಲಿಲ್ಲ. ಬದಲಾಯಿಸುತ್ತೇವೆ.

ಮನೆ 9 | 11.55
ನಮ್ಮ ಮನೆಗೆ ಇದು ಅನ್ವಯಿಸುವುದಿಲ್ಲ.

ಮನೆ 14 | 11.56
ನಿಮ್ಮ ಹಿತ್ತಿಲಿನ ನೀಲಿ ಪೈಪು ಎಲ್ಲಿಗೆ ಹೋಗುತ್ತದೆ? ತುಳಸಿಕಟ್ಟೆಗೆ?

ಮನೆ 9 | 12.10
ವಿಷಯಾಂತರ ಬೇಡ. ನಿಜವಾದ ಸಮಸ್ಯೆ 14ರವರ ಹೋಂಸ್ಟೇ. ಶನಿವಾರ ಬಂದರೆ ಹನ್ನೆರಡು ಕಾರು, ಹನ್ನೆರಡು ಕಾರಿಗೆ ಐವತ್ತು ಜನ, ಐವತ್ತು ಜನರಿಗೆ ಸ್ನಾನ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ನಿಯಮವೇ ಇದೆ. ಕೇಳುವವರು ಯಾರು?

ಮನೆ 14 | 12.12
ರಾತ್ರಿ ಮಂಗಳವಾರ. ಒಬ್ಬ ಅತಿಥಿಯೂ ಇರಲಿಲ್ಲ.

ಮನೆ 27 | 12.40
ದಯವಿಟ್ಟು ಕೇಳಿ. ಪೈಪಿನ ಕೆಲಸ ಪೈಪಿನದು, ಆದರೆ 31ರವರು ಜೂನ್‌ನಲ್ಲೇ ಬರೆದಿದ್ದರು. ಅದು ಹೂವಿನ ಚಿತ್ರಗಳ ಕೆಳಗೆ ಹೂತು ಹೋಯಿತು. ಹಾಲಿನ ಬೂತಿನಲ್ಲಿ ಒಂದು ಪುಸ್ತಕ ಇಡೋಣ. ಮನೆಗೆ ಸಂಬಂಧಿಸಿದ ಯಾವ ದೂರಾದರೂ ಅದರಲ್ಲಿ ಬರೆಯುವುದು. ಸಂಘದ ಒಬ್ಬರು ಎದುರಿನ ಪುಟದಲ್ಲಿ ಏಳು ದಿನದೊಳಗೆ ಉತ್ತರ ಬರೆದು ಸಹಿ ಹಾಕುವುದು. "ಆಗುವುದಿಲ್ಲ" ಎಂದಾದರೂ ಬರೆಯಲಿ. ಬಾಡಿಗೆದಾರರೂ ಬರೆಯಬಹುದು.

ಮನೆ 33 | 12.50
ಪುಸ್ತಕ ಏಕೆ? ವಾರ್ಡ್ ಸಮಿತಿಗೆ ಹೋಗೋಣ.

ಮನೆ 40 | 1.15
ಯಾವ ವಾರ್ಡ್ ಸಮಿತಿ? ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ 243ಎಸ್ ವಿಧಿ ಸೇರಿತು. ಅದರ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯವಾಗುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರಿನದು ಸುಮಾರು 1.18 ಲಕ್ಷ. ಆದ್ದರಿಂದ ನಮಗಿರುವುದು ಈ ಸಂಘವೊಂದೇ. ಇದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು. ಹಿಂದಿನ ಸಭೆಗೆ ನಾವು ಮಾಸ್ಕ್ ಹಾಕಿಕೊಂಡು ಬಂದಿದ್ದ ನೆನಪು. ಇನ್ನೊಂದು ಮಾತು: ಒಳಚರಂಡಿಯ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಅರ್ಜಿ ನಾನು ಬರೆದುಕೊಡುತ್ತೇನೆ.

ಮನೆ 9 | 1.20
ಪುಸ್ತಕ ಇಡುವುದಾದರೆ ನಮ್ಮ ಮನೆಯಲ್ಲಿ ಇಡಬೇಕು. ಹಾಲಿನ ಬೂತು ಸಂಘದ ಆಸ್ತಿಯಲ್ಲ.

ಮನೆ 36 | 1.24
ನಿಮ್ಮ ಮನೆಯಲ್ಲಿ ಇಟ್ಟರೆ ಪುಸ್ತಕ ಬಹಳ ವರ್ಷ ಹೊಸದಾಗಿಯೇ ಇರುತ್ತದೆ.

ಮನೆ 9 | 1.25
ಇದು ವೈಯಕ್ತಿಕ ನಿಂದನೆ. ನಿರ್ವಾಹಕರು ಗಮನಿಸಬೇಕು.

ಮನೆ 36 | 1.26
ನಿರ್ವಾಹಕರು ನೀವೇ.

ಮನೆ 33 | 4.30
ಕೋತಿಗಳು ಮತ್ತೆ ಬಂದಿವೆ. ನಮ್ಮ ಟ್ಯಾಂಕಿನ ಮುಚ್ಚಳ ರಸ್ತೆಯಲ್ಲಿದೆ. ಎಲ್ಲರೂ ತಾರಸಿ ನೋಡಿಕೊಳ್ಳಿ.

ಮನೆ 5 | 4.35
ತಾರಸಿಗೆ ಹೇಗೂ ಹತ್ತುತ್ತೀರಿ, ಮಳೆ ನೀರಿನ ಪೈಪು ಎಲ್ಲಿಗೆ ಇಳಿದಿದೆ ಎಂಬುದನ್ನೂ ನೋಡಿ ಬನ್ನಿ.

(ಆ ಮಾತಿಗೆ ಉತ್ತರವಿಲ್ಲ. ಕೋತಿಯ ಬಗ್ಗೆ ಇಪ್ಪತ್ತಮೂರು ಸಂದೇಶಗಳು, ಎರಡು ವಿಡಿಯೊ.)

ಮನೆ 27 | ಗುರುವಾರ ಸಂಜೆ 6.00
ಭಾನುವಾರ ಹತ್ತೂವರೆಗೆ ಹುಣಸೆ ಮರದ ಕೆಳಗೆ ಸಭೆ. ವಿಷಯ ಎರಡೇ: ಪೈಪು, ಪುಸ್ತಕ. ಇನ್ನೂರು ಪುಟದ್ದನ್ನು ನಾನೇ ತರುತ್ತೇನೆ.

ಮನೆ 9 | 6.04
ಹೇಗೂ ಸೇರುತ್ತೇವೆ, ಗಣಪತಿ ಹಬ್ಬದ ಚಂದಾ ಮತ್ತು ಪೆಂಡಾಲಿನ ಜಾಗವನ್ನೂ ಸೇರಿಸಿಕೊಳ್ಳಿ. ಅದು ತುರ್ತಿನ ವಿಷಯ.

ಮನೆ 27 | ಭಾನುವಾರ ಮಧ್ಯಾಹ್ನ 1.10
ಬರದವರಿಗಾಗಿ: ಹನ್ನೊಂದು ಜನ ಬಂದಿದ್ದರು. 9ರವರು ಹೋಂಸ್ಟೇ ಕಾರುಗಳ ಬಗ್ಗೆ ನಲವತ್ತು ನಿಮಿಷ ಮಾತನಾಡಿದರು. ಪೆಂಡಾಲು ಈ ಸಲ ಒಂದನೇ ಅಡ್ಡರಸ್ತೆಯಲ್ಲಿ. ಪುಸ್ತಕದ ಮೊದಲ ನಾಲ್ಕು ಪುಟಗಳಲ್ಲಿ ಚಂದಾ ಪಟ್ಟಿ ಇದೆ, ಆ ಕಾರಣ ಅದು ಸದ್ಯ ಖಜಾಂಚಿಯವರ ಬಳಿ ಇರುತ್ತದೆ. ಪೈಪಿನ ವಿಷಯಕ್ಕೆ ಬರುವಷ್ಟರಲ್ಲಿ ಮಳೆ ಬಂದಿತು.

ಮನೆ 22 | 1.12
ಶುಭ ಭಾನುವಾರ. 🌹

ಮನೆ 31 | ರಾತ್ರಿ 8.45
ನಾವು ಯಾರನ್ನೂ ಕಾಯುವುದಿಲ್ಲ. 5ರವರು ಹೇಳಿದಂತೆ ನಮ್ಮ ಕೊಳವೆಗೆ ಹಿಮ್ಮುಖ ತಡೆಯುವ ಕವಾಟ ಹಾಕಿಸಿದ್ದೇವೆ. ನಾಲ್ಕು ಅಂಗುಲದ್ದು. ಹೊರಗಿನ ನೀರು ಇನ್ನು ಒಳಗೆ ಬರುವುದಿಲ್ಲ.

ಮನೆ 18, ಕೆಳಮನೆ | 8.50
ಒಳ್ಳೆಯದಾಯಿತು. ಆದರೆ ಆ ನೀರು ಇನ್ನು ಎಲ್ಲಿಗೆ ಹೋಗುತ್ತದೆ?

ಮನೆ 5 | 8.58
ತಾರಸಿಯ ಪೈಪುಗಳನ್ನು ಬಿಡಿಸುವವರೆಗೆ, ಅದರ ನಂತರದ ತಗ್ಗಿನ ಬಚ್ಚಲಿಗೆ. ಅಳತೆ ನೋಡಿದ್ದೇನೆ, ಒಂದು ಗೇಣು ಮೇಲೆ 29ರದು.

ಮನೆ 29 | 8.59
ಒಂದು ನಿಮಿಷ. 29 ಎಂದರೆ ನಾವು. ಸಭೆ ಮುಗಿದೇ ಹೋಯಿತೇ?