ಮನೆ ಗುಂಪಿನಲ್ಲಿ ಸ್ಟೇಡಿಯಂ ಗೇಟು

ದೊಡ್ಡಪ್ಪ: (ಬಂದ ಸಂದೇಶ) ‘ಚಿನ್ನಸ್ವಾಮಿ ಕ್ರೀಡಾಂಗಣದಂಥ ದುರಂತ ಮರುಕಳಿಸಬಾರದು ಎಂದರೆ ಹೀಗೆ ಮಾಡಬೇಕು. ಎರಡೇ ಗೇಟು ತೆರೆಯಬೇಕು. ಪ್ರತಿಯೊಬ್ಬರಿಗೂ ಮೂರು ಸುತ್ತು ತಪಾಸಣೆ. ಆಧಾರ್ ಇಲ್ಲದವರಿಗೆ ಪ್ರವೇಶವಿಲ್ಲ. ಒಪ್ಪುವವರು ಹತ್ತು ಜನರಿಗೆ ಕಳುಹಿಸಿ.’

ಪದ್ಮತ್ತೆ: ಸರಿಯಾಗಿಯೇ ಬರೆದಿದ್ದಾರೆ. ಬಿಗಿ ಇಲ್ಲದಿದ್ದರೆ ನಮ್ಮ ಜನ ಕೇಳುವುದಿಲ್ಲ.

ವಸುಧಾ: ದೊಡ್ಡಪ್ಪ, ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ಬೆಂಗಳೂರು ತಂಡ ಐಪಿಎಲ್ ಗೆದ್ದ ಸಂಭ್ರಮದ ದಿನ ಅಲ್ಲಿ ಕಳೆದುಹೋದ 11 ಜೀವಗಳು ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ ಹೋದವು. ಅದಕ್ಕೆ ಪರಿಹಾರ ಗೇಟು ಕಡಿಮೆ ಮಾಡುವುದೇ?

ದೊಡ್ಡಪ್ಪ: ನಾನು ಬರೆದದ್ದಲ್ಲಮ್ಮ. ಬಂದದ್ದನ್ನು ಕಳುಹಿಸಿದೆ.

ಶ್ರೀಧರ ಮಾವ: ವಸುಧಾ, ನೀನು ಕಟ್ಟಡದ ನಕ್ಷೆ ಬರೆಯುವವಳು, ನಾನು ಬಂದೋಬಸ್ತ್ ಮಾಡಿದವನು. 2010ರ ಏಪ್ರಿಲ್ 17 ನೆನಪಿದೆಯೇ? ಬೆಂಗಳೂರು ಮತ್ತು ಮುಂಬೈ ತಂಡಗಳ ಪಂದ್ಯಕ್ಕೆ ಮುಂಚೆ ಇದೇ ಕ್ರೀಡಾಂಗಣದ ಗೋಡೆಯ ಪಕ್ಕ ಬಾಂಬ್ ಸಿಡಿಯಿತು. ಹತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಆಟ ಒಂದು ಗಂಟೆ ತಡವಾಗಿ ಶುರುವಾಯಿತು. ಆಗ ಒಳಗೆ ಕುಳಿತಿದ್ದವರಿಗೆ ತಪಾಸಣೆ ಯಾಕೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೇಟು ಅಗಲ ಮಾಡು, ಜನರನ್ನು ಬೇಗ ಬಿಡು ಎಂದು ಹೇಳುವುದು ಸುಲಭ. ಏನಾದರೂ ಆದರೆ ಅಮಾನತು ಆಗುವವನು ಗೇಟಿನಲ್ಲಿ ನಿಂತವನು.

ವಸುಧಾ: ಮಾವ, ತಪಾಸಣೆ ಬೇಡ ಎಂದು ನಾನು ಹೇಳಲೇ ಇಲ್ಲ. ನೀವೇ ಹೇಳಿದಿರಿ, ಆ ಬಾಂಬ್ ಸಿಡಿದದ್ದು ಗೋಡೆಯ ಹೊರಮಗ್ಗುಲಲ್ಲಿ. ಗೇಟಿನಲ್ಲಿ ಎಷ್ಟು ತಡಕಾಡಿದರೂ ಅದು ಕೈಗೆ ಸಿಗುತ್ತಿರಲಿಲ್ಲ. ಒಳಗಿನವರನ್ನು ಕಾಪಾಡಲು ಹೊರಗೆ ಎರಡು ಸಾವಿರ ಜನರ ಸಾಲು ನಿಲ್ಲಿಸಿದರೆ, ಕೆಟ್ಟವನಿಗೆ ಆ ಸಾಲೇ ಸಾಕು.

ಚೇತನ: ಅಪ್ಪ, ನಾನಿರುವ ಈ ಊರಿನಲ್ಲಿ ಆದದ್ದು ಅದೇ. 2017ರ ಮೇ 22, ಮ್ಯಾಂಚೆಸ್ಟರ್ ಅರೀನಾ. ಬಾಂಬ್ ಹೊತ್ತು ಬಂದ ಹುಡುಗ ಟಿಕೆಟ್ ತೋರಿಸುವ ಜಾಗವನ್ನು ದಾಟಲೇ ಇಲ್ಲ. ರೈಲು ನಿಲ್ದಾಣಕ್ಕೂ ಸಭಾಂಗಣಕ್ಕೂ ನಡುವಿನ ಮೊಗಸಾಲೆಯಲ್ಲಿ ಕಾದು ನಿಂತು, ಕಾರ್ಯಕ್ರಮ ಮುಗಿದು ಮಕ್ಕಳು ಹೊರಬರುವಾಗ ಸ್ಫೋಟಿಸಿಕೊಂಡ. 22 ಜನ ಸತ್ತರು. ಈಗ ಇಲ್ಲಿ ಬ್ರಿಟನ್ನಿನಲ್ಲಿ ಅದಕ್ಕಾಗಿಯೇ ಕಾನೂನು ಬಂದಿದೆ, 2025ರ ಏಪ್ರಿಲ್‌ನಲ್ಲಿ ಅಂಗೀಕಾರವಾಯಿತು. ಅದು ಜಾರಿಗೆ ಬಂದಾಗ 200 ಜನ ಸೇರುವ ಜಾಗಕ್ಕೂ ದಾಳಿಯಾದರೆ ಏನು ಮಾಡಬೇಕೆಂಬ ಯೋಜನೆ ಇರಲೇಬೇಕು.

ಶ್ರೀಧರ ಮಾವ: ನೋಡಿದೆಯಾ, ಅಲ್ಲಿಯೂ ಬಿಗಿ ಹೆಚ್ಚಿಸಿದರು.

ಚೇತನ: ಹೆಚ್ಚಿಸಿದರು. ಆದರೆ ಇದೇ ದೇಶದಲ್ಲಿ ಬಿಗಿಯಿಂದಲೇ ಸತ್ತವರೂ ಇದ್ದಾರೆ. 1989ರಲ್ಲಿ, ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣ. ಪುಂಡರು ಮೈದಾನಕ್ಕೆ ನುಗ್ಗಬಾರದೆಂದು ನಿಂತು ನೋಡುವವರ ಮುಂದೆ ಎತ್ತರದ ಕಬ್ಬಿಣದ ಬೇಲಿ ಹಾಕಿದ್ದರು. ಆ ಬದಿಯಲ್ಲಿ ನಿಲ್ಲುವ ಟಿಕೆಟ್ ಪಡೆದ ಸುಮಾರು 10,100 ಜನರಿಗೆ ಇದ್ದದ್ದು ಒಬ್ಬೊಬ್ಬರನ್ನೇ ಒಳಬಿಡುವ ಏಳೇ ಏಳು ತಿರುಗುಗೇಟು. ಹೊರಗೆ ಜನ ನಜ್ಜುಗುಜ್ಜಾಗುವಂತಾದಾಗ ಪೊಲೀಸರು ಹೊರಹೋಗುವ ದೊಡ್ಡ ಬಾಗಿಲು ತೆರೆಸಿದರು. ಎಲ್ಲರೂ ನೇರ ಸುರಂಗದೊಳಗೆ ಹೋಗಿ, ಆಗಲೇ ತುಂಬಿದ್ದ ದೊಡ್ಡಿಯೊಳಗೆ ಸೇರಿಕೊಂಡರು. ಮುಂದೆ ಬೇಲಿ, ಹಿಂದೆ ಜನ. 97 ಸಾವು. ಬಹುತೇಕರು ನಿಂತಲ್ಲಿಯೇ ಉಸಿರು ಕಟ್ಟಿ ಹೋದವರು.

ಪದ್ಮತ್ತೆ: ಅಯ್ಯೋ ದೇವರೇ.

ಕಿರಣ: ಬೆಂಗಳೂರಿನಲ್ಲಿ ತಪಾಸಣೆಯ ಮಾತೇ ಬರಲಿಲ್ಲ ಮಾವ. ಐಪಿಎಲ್‌ನ 18ನೇ ಆವೃತ್ತಿಯಲ್ಲಿ ನಮ್ಮ ತಂಡಕ್ಕೆ ಮೊದಲ ಕಪ್ಪು. ರಾತ್ರಿ ಗೆದ್ದರು, ಮರುದಿನವೇ ಸಂಭ್ರಮ. ಮೆರವಣಿಗೆ ಇದೆ ಎಂದರು, ಇಲ್ಲ ಎಂದರು. ಉಚಿತ ಪಾಸ್ ಜಾಲತಾಣದಲ್ಲಿ ಸಿಗುತ್ತದೆ ಎಂಬ ಪ್ರಕಟಣೆ ಅದೇ ಮಧ್ಯಾಹ್ನ ಬಂತು. ಪಾಸ್ ಇದ್ದವರು, ಇಲ್ಲದವರು, ಸುಮ್ಮನೆ ಬಸ್ಸು ನೋಡಲು ಬಂದವರು ಎಲ್ಲರೂ ಅವೇ ಗೇಟುಗಳ ಮುಂದೆ. ಒಳಗೆ ಹಿಡಿಸುವುದು ಸುಮಾರು 35,000. ಸೇರಿದ್ದು ಎರಡು ಮೂರು ಲಕ್ಷ ಎಂದು ಮುಖ್ಯಮಂತ್ರಿಯೇ ಹೇಳಿದರು.

ಶ್ರೀಧರ ಮಾವ: ಅದನ್ನೇ ನಾನು ಹೇಳುತ್ತಿರುವುದು. ಮೂರು ಲಕ್ಷ ಜನ ಬಂದರೆ ಯಾವ ನಕ್ಷೆಯೂ ಉಳಿಸುವುದಿಲ್ಲ.

ವಸುಧಾ: ಆ ದಿನಕ್ಕೆ ಒಪ್ಪಿದೆ. ಮಾಮೂಲಿ ಪಂದ್ಯದ ದಿನಕ್ಕೆ ಬನ್ನಿ, ಲೆಕ್ಕ ಹಾಕೋಣ. ಬ್ರಿಟನ್ನಿನ ಕ್ರೀಡಾಂಗಣ ಮಾರ್ಗಸೂಚಿಯ ಪ್ರಕಾರ ಒಂದು ತಿರುಗುಗೇಟಿನಿಂದ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಹಿಡಿಯಬೇಕು. 35,000 ಜನ ಎರಡು ಗಂಟೆಯಲ್ಲಿ ಒಳಗೆ ಹೋಗಬೇಕಾದರೆ 27 ಸಾಲು ಬೇಕು. ಅದು ಬರೀ ಟಿಕೆಟ್ ನೋಡುವುದಕ್ಕೆ. ಮೈ ತಡಕಿ ನೋಡಲು ತಲೆಗೆ ಹತ್ತು ಸೆಕೆಂಡ್ ಹಿಡಿದರೂ ಒಂದು ಸಾಲಿನಲ್ಲಿ ಗಂಟೆಗೆ 360 ಜನ. ಸುಮಾರು 49 ಸಾಲು. ದೊಡ್ಡಪ್ಪನ ಸಂದೇಶದಂತೆ ಎರಡು ಗೇಟಿನಲ್ಲಿ ಒಂದೊಂದೇ ಸಾಲಾದರೆ ಎರಡು ದಿನ ಕಳೆದರೂ ಕೊನೆಯವನು ಹೊರಗೇ ಇರುತ್ತಾನೆ.

ದೊಡ್ಡಪ್ಪ: ನನ್ನ ಸಂದೇಶವಲ್ಲ ಎಂದೆನಲ್ಲ.

ಪದ್ಮತ್ತೆ: ಹತ್ತು ಸೆಕೆಂಡ್ ಯಾವ ಲೋಕದಲ್ಲಿ? ಹೋದ ವರ್ಷ ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆ. ಹೆಂಗಸರಿಗೆ ಬಟ್ಟೆಯ ಪರದೆ ಕಟ್ಟಿದ ಒಂದೇ ಗೂಡು, ಒಳಗೆ ಒಬ್ಬಳೇ ಹುಡುಗಿ. ಪ್ರತಿ ಪರ್ಸಿನ ಜಿಪ್ಪನ್ನೂ ಅವಳೇ ತೆಗೆಯಬೇಕು, ಬಾಚಣಿಗೆ, ಮಾತ್ರೆ ಎಲ್ಲವನ್ನೂ ಹೊರಗಿಟ್ಟು ನೋಡಬೇಕು. ನನ್ನ ಮುಂದಿದ್ದವಳ ಬಳಿ ಪವರ್ ಬ್ಯಾಂಕ್ ಸಿಕ್ಕಿತು. ಎಸೆಯಿರಿ ಎಂದರು. ಎರಡು ಸಾವಿರ ರೂಪಾಯಿಯದ್ದು, ಎಸೆಯುವುದಿಲ್ಲ ಎಂದಳು. ವಾಪಸ್ ಹೋಗೋಣವೆಂದರೆ ಹಿಂದೆ ಜಾಗವಿಲ್ಲ, ಎರಡೂ ಬದಿಗೆ ಬ್ಯಾರಿಕೇಡ್. ಅವಳು ಅಲ್ಲಿಯೇ ನಿಂತಳು, ಅವಳ ಹಿಂದೆ ನಾವೆಲ್ಲರೂ ನಿಂತೆವು. ಗಂಡಸರ ಸಾಲು ಮಾತ್ರ ಸರಸರನೆ ಸಾಗುತ್ತಿತ್ತು.

ವಸುಧಾ: ಅತ್ತೆ, ನನ್ನ ಲೆಕ್ಕಕ್ಕಿಂತ ಇದು ಮುಖ್ಯ. ಸಾಲನ್ನು ನಿಲ್ಲಿಸಿದ್ದು ಆ ಹುಡುಗಿಯ ಕೈಯಲ್ಲ, ಆ ಜಗಳ. ಬೇಡ ಎನಿಸಿಕೊಂಡವರು ಪಕ್ಕಕ್ಕೆ ಸರಿಯಲು ಒಂದು ಮೂಲೆ, ಹಿಂದಿರುಗಲು ಒಂದು ದಾರಿ, ಸಾಮಾನು ಇಡಲು ಒಂದು ಕೌಂಟರ್. ಇವು ಮೂರು ಇದ್ದರೆ ತಪಾಸಣೆ ಎಷ್ಟೇ ಬಿಗಿಯಾಗಿರಲಿ, ಸಾಲು ಸಾಗುತ್ತದೆ. ಅದೂ ಗೇಟಿನಿಂದ ದೂರದಲ್ಲಿ ನಡೆಯಬೇಕು. ಹೊರಸುತ್ತಿನಲ್ಲಿ ಚೀಲ, ಒಳಸುತ್ತಿನಲ್ಲಿ ಟಿಕೆಟ್, ನಡುವೆ ಜನ ಹರಡಿಕೊಳ್ಳಲು ಬಯಲು. ಒಂದು ಚದರ ಮೀಟರಿನಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಿದರೆ ಯಾರ ಕಾಲೂ ಅವರವರ ಮಾತು ಕೇಳುವುದಿಲ್ಲ.

ಶ್ರೀಧರ ಮಾವ: ಬಯಲು ಎಲ್ಲಿದೆ ತಾಯಿ? ಗೇಟು ದಾಟಿದರೆ ಫುಟ್‌ಪಾತ್, ಫುಟ್‌ಪಾತ್ ದಾಟಿದರೆ ಕ್ವೀನ್ಸ್ ರಸ್ತೆ. ಅಲ್ಲಿ ಬಸ್ಸು ಓಡಬೇಕು, ಆಂಬುಲೆನ್ಸ್ ಓಡಬೇಕು.

ವಸುಧಾ: ಈ ದುರಂತದ ತನಿಖೆ ಮಾಡಿದ ನ್ಯಾಯಮೂರ್ತಿ ಡಿಕುನ್ಹ ಆಯೋಗ ಹೇಳಿದ್ದೂ ಇದನ್ನೇ. ಸರದಿ ನಿಲ್ಲುವ ಜಾಗ ರಸ್ತೆಯಿಂದ ಬೇರೆಯಾಗಿರಬೇಕು, ಇಲ್ಲಿ ಅದಿಲ್ಲ, ಹಾಗಾಗಿ ದೊಡ್ಡ ಜನಜಂಗುಳಿಗೆ ಈ ಕ್ರೀಡಾಂಗಣ ಸುರಕ್ಷಿತವಲ್ಲ ಎಂದಿತು. ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು.

ಕಿರಣ: ಅದನ್ನು ನೆನಪಿಸಬೇಡ ಅಕ್ಕ, ಹೊಟ್ಟೆ ಉರಿಯುತ್ತದೆ.

ಶ್ರೀಧರ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಕಿರಣ: ಮಾವ ಏನೋ ಬಿಸಿಯಾಗಿ ಬರೆದು ಅಳಿಸಿದರು.

ಶ್ರೀಧರ ಮಾವ: ಬರೆದದ್ದು ಇಷ್ಟೇ. ಆಯೋಗಗಳು ವರದಿ ಕೊಡುತ್ತವೆ, ಸಂಘಟಕರು ಟಿಕೆಟ್ ಮಾರುತ್ತಾರೆ, ಬೆಳಗಿನಿಂದ ರಾತ್ರಿಯವರೆಗೆ ಒಂದು ಊಟದ ಪೊಟ್ಟಣದ ಮೇಲೆ ನಿಲ್ಲುವವನು ಕಾನ್‌ಸ್ಟೆಬಲ್. ತಪಾಸಣೆ ಸಡಿಲಿಸಲು ನಾನು ಈ ಜನ್ಮದಲ್ಲಿ ಒಪ್ಪುವುದಿಲ್ಲ. ಸಾಲು ಹೆಚ್ಚಿಸಲು ಒಪ್ಪುತ್ತೇನೆ, ಪದ್ಮಾ ಹೇಳಿದ ವಾಪಸ್ ದಾರಿಗೂ ಒಪ್ಪುತ್ತೇನೆ. ಆದರೆ 49 ಸಾಲಿಗೆ ಸಿಬ್ಬಂದಿ ಎಲ್ಲಿ? ಅರ್ಧದಷ್ಟು ಮಹಿಳೆಯರೇ ಬೇಕು. ಎಲ್ಲ ಠಾಣೆ ಖಾಲಿ ಮಾಡಿದರೂ ಸಾಲದು.

ವಸುಧಾ: ಹಾಗಾದರೆ ಲೆಕ್ಕವನ್ನು ತಿರುಗಿಸಿ ಮಾವ. 30 ಸಾಲಿಗೆ ಮಾತ್ರ ಸಿಬ್ಬಂದಿ ಇದ್ದರೆ ಎರಡು ಗಂಟೆಯಲ್ಲಿ 21,600 ಜನ. ಅಷ್ಟೇ ಟಿಕೆಟ್ ಮಾರಬೇಕು. ಇಲ್ಲವೇ ಗೇಟನ್ನು ಮೂರೂವರೆ ಗಂಟೆ ಮುಂಚೆ ತೆರೆಯಬೇಕು. ಅನುಮತಿ ಪತ್ರದಲ್ಲಿಯೇ ಇದನ್ನು ಬರೆಯಿಸಿಬಿಟ್ಟರೆ ಗೇಟಿನಲ್ಲಿ ನಿಂತವನ ತಲೆಗೆ ಬರುವುದಿಲ್ಲ, ಮಾರಿದವನ ತಲೆಗೆ ಬರುತ್ತದೆ.

ಶ್ರೀಧರ ಮಾವ: ಇದು ಮಾತು. ಆದರೆ ಪಾಸ್ ಕೇಳಿ ಬರುವ ದೊಡ್ಡವರನ್ನು ನಿನ್ನ ಲೆಕ್ಕದಲ್ಲಿ ಎಲ್ಲಿ ಸೇರಿಸುತ್ತೀಯೆ?

ವಸುಧಾ: ಆ 21,600ರ ಒಳಗೆ.

ಶ್ರೀಧರ ಮಾವ: ಅದನ್ನು ಅವರಿಗೆ ಹೇಳುವ ಕೆಲಸ ಮಾತ್ರ ನನಗೆ ಬೇಡ. ನಾನು ನಿವೃತ್ತ.