ಅಪ್‌ಡೇಟ್: ಮಳೆಗಾಲದಲ್ಲಿ ಮಾಲ್ಡೀವ್ಸ್ ಹನಿಮೂನ್, ಹೋಗಿ ಬಂದೆವು

ಒಂದೇ ರೆಸಾರ್ಟ್ ಇರುವ ಪುಟ್ಟ ದ್ವೀಪದಲ್ಲಿ ಐದು ದಿನ, ಅದೂ ಆಗಸ್ಟ್ ಮಳೆಯಲ್ಲಿ, ಬೋರ್ ಆಗುತ್ತಾ ಅಂತ ಕೇಳಿದ್ದೆ ಅಲ್ವಾ?

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ದ್ವೀಪಕ್ಕೆ ಕರೆದೊಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಹಗಲು ಹೊತ್ತು ಮಾತ್ರ ಹಾರುತ್ತದೆ ಅಂತ ನೀವೆಲ್ಲ ಹೇಳಿದ್ದಿರಿ, ಆದರೆ ನಾನು ಅಷ್ಟರಲ್ಲಿ ಸಂಜೆ ಇಳಿಯುವ ವಿಮಾನವನ್ನೇ ಬುಕ್ ಮಾಡಿಯಾಗಿತ್ತು, ಹಾಗಾಗಿ ಮೊದಲ ರಾತ್ರಿ ಏರ್‌ಪೋರ್ಟ್ ಹತ್ತಿರದ ಹುಲುಮಾಲೆಯಲ್ಲೇ ಕಳೆಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಭಯ.

ಮಳೆ? ಒಂದು ದಿನ ಪೂರ್ತಿ ಸುರಿಯಿತು, ಉಳಿದಂತೆ ಬಂದು ಹೋಗುತ್ತಿತ್ತು. ಆದರೆ ನಾವಿದ್ದದ್ದು ಬಾ ಅಟಾಲ್ ಎಂಬ ಹವಳದ ದ್ವೀಪಸಮೂಹದಲ್ಲಿ, 2011ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ, ಅಲ್ಲಿನ ಹನಿಫಾರು ಕೊಲ್ಲಿಗೆ ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ತಿನ್ನಲು ಗುಂಪಾಗಿ ಬರುವುದೇ ಈ ಮಳೆಗಾಲದಲ್ಲಿ. ಅಲ್ಲಿ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಬಿಡುವುದಿಲ್ಲ, ಉಸಿರಾಟದ ಕೊಳವೆ ಹಿಡಿದು ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲಿಂಗ್ ಮಾತ್ರ. ಚಾಪೆಯಷ್ಟು ಅಗಲದ ರೆಕ್ಕೆ ಬೀಸಿಕೊಂಡು ಒಂದು ನನ್ನ ಕೆಳಗೇ ಹಾದುಹೋದಾಗ ಉಸಿರಾಡುವುದೇ ಮರೆತು ಉಪ್ಪುನೀರು ಕುಡಿದೆ!

ಇನ್ನು ಬೋರ್. ಮೂರನೇ ದಿನ ಮಧ್ಯಾಹ್ನ ಸ್ವಲ್ಪ ಆಯಿತು, ಸುಳ್ಳು ಯಾಕೆ ಹೇಳಲಿ. ಅಲ್ಲಿದ್ದಾಗ ಇಬ್ಬರೂ ಬಾಯಿಬಿಡಲಿಲ್ಲ, ಮನೆಗೆ ಬಂದಮೇಲೆ ಒಪ್ಪಿಕೊಂಡು ನಕ್ಕೆವು.