ಸಹಾಯ ಬೇಕು: ಇಳಕಲ್ಲಿನ ನೇಕಾರರಿಗೆ, ವರದಿಗಾರರಿಗೆ

ನಮಸ್ಕಾರ್ರಿ ಎಲ್ಲಾರಿಗೂ. ಇಳಕಲ್ಲಿನಾಗ ನಡಿಯೋ ಒಂದು ಪತ್ತೇದಾರಿ ಕಾದಂಬರಿ ಬರಿಯಾಕತ್ತೀನ್ರಿ. ಕೊಲೆ, ರಕ್ತ ಏನಿಲ್ಲ. ಮದುವಿ ಮನಿಯಿಂದ ಅಜ್ಜಿ ಕಾಲದ ಸೀರಿ ಕಳುವಾಗತೈತಿ, ಊರಿನ ಪತ್ರಿಕೆಯ ವರದಿಗಾರ್ತಿ ಅದರ ಬೆನ್ನು ಹತ್ತತಾಳ.

ಗಂಟು ಬಿಚ್ಚೋದು ಸೆರಗಿನಾಗ. ಇಳಕಲ್ ಸೀರಿಗೆ ಒಡಲಿನ ಹಾಸು (ಮಗ್ಗದಾಗ ಉದ್ದಕ ಹಾಕೋ ನೂಲು) ಬ್ಯಾರೆ, ಸೆರಗಿನ ರೇಷ್ಮಿ ಹಾಸು ಬ್ಯಾರೆ. ಎರಡನ್ನೂ ಎಳಿಎಳಿಗೂ ಕೊಂಡಿ ಹಾಕಿ ಕೂಡಸ್ತಾರ. ನನ್ನ ಕಥಿಯೊಳಗ ಮುದುಕಿ ಒಬ್ಬಾಕಿ ಆ ಕೂಡಿಕಿ ಮ್ಯಾಲೆ ಬೆರಳಾಡಿಸಿ, "ಇದು ನಮ್ಮ ಮನಿ ಮಗ್ಗದ್ದ" ಅಂತಾಳ. ಖರೇನ ಹಂಗ ಗುರುತು ಹಿಡಿಯಾಕ ಆಗತೈತೇನ್ರಿ? ಕೊಂಡಿ ಹಾಕೋ ಕೈ ಒಬ್ಬೊಬ್ಬರದು ಒಂದೊಂದು ನಮೂನಿ ಇರತೈತೋ? ಇಲ್ಲಾ ಗೋಮಿ, ಗಾಡಿ ಅಂತ ದಡಿ (ಅಂಚು) ನಮೂನಿ ನೋಡಿ ಹಿಡಿಯೋದು ಸರಿಯೋ? ಸೆರಗಿನ ಕೆಂಪು ಹಳೇದಾದ್ರ ಹೆಂಗ ಮಾಸತೈತಿ ಅನ್ನೋದೂ ಬೇಕಾಗೈತಿ.

ವರದಿಗಾರರು ಇದ್ರ, ಇಂಥ ಸಣ್ಣ ಕಳುವಿನ ಸುದ್ದಿ ನಿಮಗ ಮೊದಲು ಠಾಣೆಯಿಂದ ಬರತೈತೋ, ಚಾದಂಗಡಿಯಿಂದೋ ಹೇಳ್ರಿ.

ನೇಕಾರರ ಕಸುಬು ತಪ್ಪಾಗಿ ಬರಿಯಾಕ ನನಗ ಮನಸಿಲ್ಲ. ಯಾರರ ಮಗ್ಗ ತೋರಸ್ತೀನಿ ಅಂದ್ರ ನಾನ ಬರ್ತೀನ್ರಿ, ಇನ್‌ಬಾಕ್ಸಿಗೆ ಒಂದು ಮೆಸೇಜ್ ಹಾಕ್ರಿ.